ಬಾಟಲಿಯೊಳಗೆ ಯಾವ ಊರಿನ ಕಾಳು?

(ಇದು ಆಡಿಯೊ ಎಪಿಸೋಡಿನ ಬರಹರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಗಜೇಂದ್ರಗಡದ ಕಡೆಯವರನ್ನು ಯಾರನ್ನಾದರೂ ಹಿಡಿದು 'ಜೋಳ ಎಲ್ಲಾ ಒಂದೇ ಅಲ್ವಾ?' ಅಂತ ಕೇಳಿ ನೋಡಿ. ಉತ್ತರ ಕೇಳೋಕೆ ಸ್ವಲ್ಪ ಹೊತ್ತು ಕೂರಬೇಕಾಗುತ್ತೆ. ರೊಟ್ಟಿಗೆ ಬಿಳಿಜೋಳನೇ ಬೇಕು, ಅದೂ ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತಿ, ನೆಲದೊಳಗಿನ ತೇವದ ಮೇಲೇ ಬೆಳೆದದ್ದು. ಸೀತನಿಗೆ ಬೇರೆ ಜಾತಿ. ಪಂಚಮಿ ಅಳ್ಳಿಗೆ ಇನ್ನೊಂದು. ಮುಂಗಾರಿ ಹೈಬ್ರಿಡ್ ಜೋಳ ಮನೆಗೆ ತಂದ್ರೆ, 'ಇದರಾಗ ಜಿಗಿನೇ ಇಲ್ಲ, ರೊಟ್ಟಿ ಹರೀತಾವು' ಅನ್ನೋ ಮಾತು ಒಲೆ ಮುಂದೆ ಕೂತವರಿಂದ ಬಂದೇ ಬರುತ್ತೆ.

ಅಂದ್ರೆ ಕಾಳು ಯಾವ ಹೊಲದ್ದು, ಯಾವ ಜಾತಿಯದ್ದು ಅನ್ನೋದು ಗಂಗಾಳದಲ್ಲಿ ಗೊತ್ತಾಗುತ್ತೆ. ಅದೇ ಕಾಳಿನಿಂದ ಮದ್ಯ ತಯಾರಿಸಿದರೆ? ಈಗ ಬಾಟಲಿಗಳ ಮೇಲೆ 'ಕ್ರಾಫ್ಟ್' ಅನ್ನೋ ಪದ ರಾರಾಜಿಸ್ತಿದೆ, 'ಸ್ಥಳೀಯ ಧಾನ್ಯ' ಅನ್ನೋದೂ ಜೊತೆಗೆ ಬರುತ್ತೆ. ಅದರಲ್ಲಿ ಎಷ್ಟು ನಿಜ, ಕಾಳು ಬೆಳೆದವರಿಗೆ ಅದರಿಂದ ಏನಾದರೂ ಸಿಗುತ್ತಾ ಅನ್ನೋದು ಇವತ್ತಿನ ವಿಷಯ. ಮೊದಲೇ ಹೇಳಿಬಿಡ್ತೀನಿ, ಇದು ಕುಡೀರಿ ಅಂತ ಹೇಳೋ ಎಪಿಸೋಡ್ ಅಲ್ಲ.

ಮೊದಲು ಕೆಲಸ ಹೇಗೆ ನಡೆಯುತ್ತೆ ಅಂತ ನೋಡೋಣ. ಮದ್ಯ ಆಗೋದು ಸಕ್ಕರೆಯಿಂದ. ಯೀಸ್ಟ್ ಸಕ್ಕರೆ ತಿನ್ನುತ್ತೆ, ಆಲ್ಕೋಹಾಲ್ ಬಿಡುತ್ತೆ. ಕಬ್ಬಿನ ಹಾಲಿನಲ್ಲಿ, ದ್ರಾಕ್ಷಿಯಲ್ಲಿ ಸಕ್ಕರೆ ತಯಾರೇ ಇರುತ್ತೆ. ಜೋಳ, ಬಾರ್ಲಿ, ಮೆಕ್ಕೆಜೋಳ, ಅಕ್ಕಿಯಲ್ಲಿ ಇರೋದು ಪಿಷ್ಟ. ಯೀಸ್ಟ್‌ಗೆ ಪಿಷ್ಟ ತಿನ್ನೋಕೆ ಬರಲ್ಲ, ಅದನ್ನು ಒಡೆದು ಸಕ್ಕರೆ ಮಾಡಿಕೊಡಬೇಕು. ಹಳೇ ದಾರಿ ಯಾವುದು ಅಂದ್ರೆ ಮೊಳಕೆ ಕಟ್ಟೋದು. ಮಗುವಿಗೆ ರಾಗಿ ಮಾಲ್ಟ್ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸ್ತಾರಲ್ಲ, ಅದೇ ಕೆಲಸ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ತಾನೇ ಒಡೆಯೋ ಕಿಣ್ವ ತಯಾರಿಸಿಕೊಳ್ಳುತ್ತೆ. ಮೊಳಕೆ ಒಡೆದ ರಾಗಿ ಸಿಹಿ ಅನ್ನಿಸೋದು ಅದಕ್ಕೇ. ಈ ಕಿಣ್ವದ ವಿಷಯದಲ್ಲಿ ಬಾರ್ಲಿಗೆ ಮೇಲುಗೈ. ಸ್ಕಾಟ್ಲೆಂಡಿನವರು ಬಾರ್ಲಿ ಹಿಡಿದು ಕೂತದ್ದಕ್ಕೆ ಅದೊಂದು ದೊಡ್ಡ ಕಾರಣ. ಜೋಳದ ಮೊಳಕೆಯಲ್ಲಿ ಅಷ್ಟು ಶಕ್ತಿ ಇಲ್ಲ, ಮೇಲಾಗಿ ಜೋಳದ ಪಿಷ್ಟ ಬೇಯೋಕೆ ಬಾರ್ಲಿಗಿಂತ ಹೆಚ್ಚು ಶಾಖ ಬೇಕು.

ಹುದುಗು ಬಂದ ಆ ನೀರಿಗೆ ನಮ್ಮಲ್ಲಿ 'ಕೊಳೆ' ಅಂತಾರೆ. 'ಬೆಲ್ಲದ ಕೊಳೆ ನಾಶ' ಅಂತ ಅಬಕಾರಿ ದಾಳಿಯ ಸುದ್ದಿಯಲ್ಲಿ ನೀವು ಓದಿರ್ತೀರಿ. ಅದನ್ನು ಕಾಯಿಸಿದರೆ ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ. ಮೊದಲು ಎದ್ದ ಹಬೆಯನ್ನು ತಣಿಸಿ ಹಿಡಿದರೆ ಅದೇ ಭಟ್ಟಿ ಇಳಿಸೋದು.

ಕಾಳಿನ ಗುಣ ಉಳಿಯುತ್ತೋ ಅಳಿಯುತ್ತೋ ಅನ್ನೋದು ನಿರ್ಧಾರ ಆಗೋದು ಇಲ್ಲೇ. ಭಟ್ಟಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತಾಮ್ರದ ದೊಡ್ಡ ಹಂಡೆ ಥರದ್ದು. ಒಂದು ಸಲಕ್ಕೆ ಒಂದು ಹಂಡೆ, ನಿಧಾನದ ಕೆಲಸ. ಇದರಲ್ಲಿ ಆಲ್ಕೋಹಾಲ್ ಜೊತೆ ಕಾಳಿನ ಎಣ್ಣೆಯಂಶ, ವಾಸನೆ, ಹುದುಗಿನ ಹುಳಿ ಎಲ್ಲ ಒಂದಿಷ್ಟು ಬರುತ್ತೆ. ಇನ್ನೊಂದು, ಎತ್ತರದ ಉಕ್ಕಿನ ಕಂಬ. ಒಳಗೆ ತಟ್ಟೆ ಮೇಲೆ ತಟ್ಟೆ. ಇದು ಹಗಲು ರಾತ್ರಿ ನಿಲ್ಲದೆ ಓಡುತ್ತೆ, 96 ಪರ್ಸೆಂಟ್ ಹತ್ತಿರದ ಶುದ್ಧ ಆಲ್ಕೋಹಾಲ್ ಕೊಡುತ್ತೆ. ಉದ್ಯಮದಲ್ಲಿ ಇದನ್ನು ಇಎನ್ಎ ಅಂತಾರೆ, ಅಂದ್ರೆ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್. ಹೆಸರಲ್ಲೇ 'ನ್ಯೂಟ್ರಲ್' ಇದೆ ನೋಡಿ. ರುಚಿ ವಾಸನೆ ಏನೂ ಇರಬಾರದು ಅನ್ನೋದೇ ಇದರ ಗುರಿ. ರೋಣದ ಜೋಳ ಹಾಕಿ, ದಾವಣಗೆರೆ ಮೆಕ್ಕೆಜೋಳ ಹಾಕಿ, ಮಂಡ್ಯದ ಕಾಕಂಬಿ ಹಾಕಿ, ಆ ಕಂಬ ದಾಟಿ ಬಂದ ಮೇಲೆ ಕುಡಿದು ಊರು ಹೇಳೋದು ಹೆಚ್ಚುಕಡಿಮೆ ಆಗದ ಮಾತು.

ನಮ್ಮ ದೇಶದಲ್ಲಿ 'ವಿಸ್ಕಿ' ಅಂತ ಮಾರಾಟವಾಗೋ ಅಗ್ಗದ ಬಾಟಲಿಗಳಲ್ಲಿ ಬಹುಪಾಲು ಇದೇ ಇಎನ್ಎ. ಎಷ್ಟೋ ಬಾಟಲಿಗಳಲ್ಲಿ ಅದು ಕಾಳಿನದ್ದೂ ಅಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯದ್ದು. ಯುರೋಪಿನಲ್ಲಿ ವಿಸ್ಕಿ ಅಂದ್ರೆ ಧಾನ್ಯದಿಂದಲೇ ಆಗಬೇಕು ಅನ್ನೋ ನಿಯಮ ಇರೋದರಿಂದ ಅದನ್ನು ಅಲ್ಲಿ ಆ ಹೆಸರಲ್ಲಿ ಮಾರೋ ಹಾಗಿಲ್ಲ. ಗೋವಾದಲ್ಲಿ 2017ರ ಹೊತ್ತಿಗೆ ಎದ್ದ ಕ್ರಾಫ್ಟ್ ಜಿನ್ ಅಲೆಯೂ ಬಹುತೇಕ ನಿಂತಿರೋದು ಧಾನ್ಯದ ಇಂಥ ನ್ಯೂಟ್ರಲ್ ಸ್ಪಿರಿಟ್ ಮೇಲೆ. ರುಚಿ ಬರೋದು ಆಮೇಲೆ ಸೇರಿಸೋ ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆಯಿಂದ. ಒಳ್ಳೇ ಜಿನ್ ಅಲ್ಲ ಅಂತ ಹೇಳ್ತಿಲ್ಲ. 'ಕ್ರಾಫ್ಟ್' ಅಂದ ಮಾತ್ರಕ್ಕೆ ಕಾಳಿನ ಗುಣ ಒಳಗಿದೆ ಅಂತ ಅರ್ಥ ಅಲ್ಲ, ಅಷ್ಟೇ.

ಹಾಗಾದ್ರೆ ಕರ್ನಾಟಕದ ಹೆಮ್ಮೆ ಅಮೃತ್? ಅದರ ಕಥೆ ಮಜಾ ಇದೆ. 1948ರಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಲ್ಲಿ ಶುರು ಮಾಡಿದ ಕಂಪನಿ. 2004ರ ಆಗಸ್ಟ್‌ನಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಬೆಂಗಳೂರಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ವಿಸ್ಕಿಯ ತವರಿಗೇ ಹೋಗಿ. ಆಮೇಲೆ 2009ರಲ್ಲಿ ಬಂದ 'ಫ್ಯೂಷನ್' ಅನ್ನೋ ವಿಸ್ಕಿಗೆ ವಿಮರ್ಶಕ ಜಿಮ್ ಮರ್ರೆ ತನ್ನ 2010ರ ವಿಸ್ಕಿ ಬೈಬಲ್‌ನಲ್ಲಿ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನಕ್ಕೆ ಏರಿಸಿದ.

ಈ ವಿಸ್ಕಿಯ ಬಾರ್ಲಿ ಮಾತ್ರ ಕರ್ನಾಟಕದ್ದಲ್ಲ. ಅದು ಬರೋದು ಪಂಜಾಬ್, ರಾಜಸ್ಥಾನದ ಕಡೆಯಿಂದ. ಫ್ಯೂಷನ್‌ಗೆ ಸ್ಕಾಟ್ಲೆಂಡಿನಿಂದ ತಂದ, ಪೀಟ್ ಹೊಗೆ ಕುಡಿದ ಬಾರ್ಲಿಯೂ ಸೇರುತ್ತೆ. ಉತ್ತರ ಭಾರತದಲ್ಲಿ ಹೆಚ್ಚಾಗಿ ಬೆಳೆಯೋದು ಆರು ಸಾಲಿನ ಬಾರ್ಲಿ. ತೆನೆಯಲ್ಲಿ ಆರು ಸಾಲು ಕಾಳು, ಹಾಗಾಗಿ ಒಂದೊಂದು ಕಾಳು ಸಣ್ಣದು, ಹೊಟ್ಟು ಜಾಸ್ತಿ, ಪ್ರೋಟೀನ್ ಜಾಸ್ತಿ, ಪಿಷ್ಟ ಕಡಿಮೆ. ಸ್ಕಾಟ್ಲೆಂಡಿನ ಎರಡು ಸಾಲಿನ ಬಾರ್ಲಿಗೆ ಹೋಲಿಸಿದರೆ ಒಂದು ಟನ್‌ಗೆ ಸಿಗೋ ಆಲ್ಕೋಹಾಲೂ ಕಡಿಮೆ. ಲೆಕ್ಕದವರಿಗೆ ಇದು ನಷ್ಟದ ಕಾಳು. ಆದರೆ ಹಂಡೆ ಭಟ್ಟಿಯಲ್ಲಿ ಆ ಹೊಟ್ಟು, ಪ್ರೋಟೀನ್‌ನಿಂದಲೇ ಬೇರೆ ಥರದ ರುಚಿ ಬರುತ್ತೆ ಅಂತ ಅದನ್ನು ಮೆಚ್ಚೋರೂ ಇದ್ದಾರೆ.

ಬೆಂಗಳೂರು ಕೊಟ್ಟಿದ್ದು ಬೇರೆ: ಹವಾಮಾನ. ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾದರೆ, ಬೆಂಗಳೂರಲ್ಲಿ 10ರಿಂದ 12 ಪರ್ಸೆಂಟ್ ಹೋಗುತ್ತೆ. ಅವರು ಅದಕ್ಕೆ 'ದೇವತೆಗಳ ಪಾಲು' ಅಂತಾರೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಸ್ವಲ್ಪ ಜಾಸ್ತಿನೇ. ಹಾಗಾಗಿ ಇಲ್ಲಿ ವಿಸ್ಕಿ ಬೇಗ ಮಾಗುತ್ತೆ, ಬೇಗ ಖಾಲಿಯೂ ಆಗುತ್ತೆ.

ಹೊಲ ಬದಲಾದ್ರೆ ಮದ್ಯದ ರುಚಿ ಬದಲಾಗುತ್ತೆ ಅನ್ನೋದನ್ನು ಗಂಭೀರವಾಗಿ ಪರೀಕ್ಷಿಸಿದ್ದು ಐರ್ಲೆಂಡಿನ ವಾಟರ್‌ಫರ್ಡ್ ಅನ್ನೋ ಕಂಪನಿ. ಒಬ್ಬೊಬ್ಬ ರೈತನ ಬಾರ್ಲಿಯನ್ನು ಬೇರೆ ಬೇರೆಯಾಗಿ ಇಟ್ಟು, ಬೇರೆ ಬೇರೆಯಾಗೇ ಭಟ್ಟಿ ಇಳಿಸಿದರು. ಎರಡು ಜಾತಿಯ ಬಾರ್ಲಿಯನ್ನು ಎರಡು ಜಾಗದಲ್ಲಿ, ಎರಡು ವರ್ಷ ಬೆಳೆದು ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟ ಆಯ್ತು. ಪೀಪಾಯಿಗೆ ಹೋಗೋ ಮುಂಚಿನ ಹಸಿ ಮದ್ಯದಲ್ಲೇ ಜಾಗದ ಗುರುತು ಸಿಗುತ್ತೆ ಅನ್ನೋದು ಅದರ ಫಲಿತಾಂಶ. ಒಲೆ ಮುಂದೆ ಕೂತವರು ಮೊದಲೇ ಹೇಳಿದ್ದರು ಅನ್ನಿ. ಆದರೆ ಅದೇ ವಾಟರ್‌ಫರ್ಡ್ 2024ರ ನವೆಂಬರ್‌ನಲ್ಲಿ ಸಾಲದ ಹೊರೆಯಲ್ಲಿ ಮುಳುಗಿ ರಿಸೀವರ್‌ಗಳ ಕೈಗೆ ಹೋಯ್ತು. ರುಚಿ ಸಾಬೀತಾಯ್ತು, ವ್ಯಾಪಾರ ನಿಲ್ಲಲಿಲ್ಲ.

ಈಗ ನಮ್ಮ ಜೋಳಕ್ಕೆ ಬರೋಣ. ಜೋಳದಿಂದ ಒಳ್ಳೇ ಮದ್ಯ ಆಗಲ್ಲ ಅಂತ ಯಾರಾದ್ರೂ ಅಂದ್ರೆ ಚೀನಾ ಕಡೆ ತೋರಿಸಿ. ಅಲ್ಲಿಯ ಬೈಜಿಯು ಮದ್ಯಕ್ಕೆ ಮುಖ್ಯ ಕಾಳೇ ಜೋಳ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಗುಯಿಝೌ ಪ್ರಾಂತ್ಯದ ಮಾವೊತಾಯ್. ಅವರು ಬಳಸೋದು ಆ ಸೀಮೆಯ ಕೆಂಪು ಜೋಳ: ಸಣ್ಣ ಕಾಳು, ದಪ್ಪ ಸಿಪ್ಪೆ, ಬೇಯಿಸಿದರೆ ಅಂಟಂಟು. ಒಂದು ವರ್ಷದ ಸುತ್ತಿನಲ್ಲಿ 9 ಸಲ ಹಬೆಯಲ್ಲಿ ಬೇಯಿಸಿ, 8 ಸಲ ಹುದುಗಿಸಿ, 7 ಸಲ ಮದ್ಯ ಇಳಿಸ್ತಾರೆ. ಬೇರೆ ಜೋಳ ಆಗಿದ್ರೆ ಅಷ್ಟು ಸಲ ಬೇಯುವಷ್ಟರಲ್ಲಿ ಗಂಜಿಯಾಗಿ ಹೋಗ್ತಿತ್ತು. ಅಂದ್ರೆ ಅಲ್ಲಿ ಕಾಳಿನ ಜಾತಿಗೆ ತಕ್ಕಂತೆ ವಿಧಾನ ಬೆಳೆದಿದೆ, ವಿಧಾನಕ್ಕೆ ತಕ್ಕಂತೆ ರೈತರು ಅದೇ ಜಾತಿ ಬೆಳೀತಾರೆ. ಆಫ್ರಿಕಾದ ನೈಜೀರಿಯಾ ಇನ್ನೊಂದು ದಾರಿ ಹಿಡಿಯಿತು. 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನೇ ನಿಷೇಧಿಸಿತು. ಬಿಯರ್ ಕಂಪನಿಗಳು ಬೇರೆ ದಾರಿಯಿಲ್ಲದೆ ಅಲ್ಲಿಯ ಜೋಳಕ್ಕೆ, ಮೆಕ್ಕೆಜೋಳಕ್ಕೆ ಹೊರಳಿದವು.

ನಮ್ಮ ಬಿಳಿಜೋಳ ಮಾವೊತಾಯ್ ಜೋಳದಂಥ ಅಂಟು ಜೋಳ ಅಲ್ಲ. ಈ ಸೀಮೆಯಲ್ಲಿ ಹಿಂಗಾರಿ ಜೋಳ ಅಂದ್ರೆ ಬಾಯಿಗೆ ಬರೋ ಹೆಸರು ಮಾಲದಂಡಿ. ಎಂ 35-1 ಅನ್ನೋದು ಅದರದೇ ತಳಿ, ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದದ್ದು. ಇಷ್ಟು ವರ್ಷ ಆದ್ರೂ ರೈತರು ಬಿಟ್ಟಿಲ್ಲ, ಯಾಕಂದ್ರೆ ರೊಟ್ಟಿಯೂ ಚೆಂದ, ದನಕ್ಕೆ ಕಣಿಕಿಯೂ ಚೆಂದ. ಮದ್ಯದ ಕಾರ್ಖಾನೆಗೆ ಹೋಗೋ ಜೋಳ ಇದಲ್ಲ. ಮುಂಗಾರಿನಲ್ಲಿ ತೆನೆ ಕಟ್ಟುವಾಗ ಮಳೆ ಹಿಡಿದು, ಬೂಷ್ಟು ಬಂದು ಕಪ್ಪಾದ ಹೈಬ್ರಿಡ್ ಜೋಳ ಇರುತ್ತಲ್ಲ, ತಿನ್ನೋಕೆ ಯಾರೂ ಕೊಳ್ಳಲ್ಲ, ಅದು ಕೋಳಿ ಆಹಾರಕ್ಕೆ, ಡಿಸ್ಟಿಲರಿಗೆ ಹೋಗುತ್ತೆ.

ಯಾಕೆ ಅಂತ ರೇಟ್ ನೋಡಿದ್ರೆ ಗೊತ್ತಾಗುತ್ತೆ. 2025-26ರ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ ಮೆಕ್ಕೆಜೋಳಕ್ಕೆ 2,400 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699, ಮಾಲದಂಡಿಗೆ 3,749. ಪಿಷ್ಟ ಮಾತ್ರ ಜೋಳದಲ್ಲೂ ಮೆಕ್ಕೆಜೋಳದಲ್ಲೂ ಹೆಚ್ಚುಕಡಿಮೆ ಒಂದೇ. ಕಂಬದ ಭಟ್ಟಿಯವನಿಗೆ ಬೇಕಿರೋದು ಪಿಷ್ಟ ಒಂದೇ ಆದ್ರೆ, 1,300 ರೂಪಾಯಿ ಹೆಚ್ಚು ಕೊಟ್ಟು ಅವನು ಮಾಲದಂಡಿ ಯಾಕೆ ತಗೋತಾನೆ? ಇನ್ನೊಂದು ಗಮನಿಸಿ: ಸರ್ಕಾರ ಮಾಲದಂಡಿ ಅಂತ ಹೆಸರು ಹಿಡಿದು ಬೇರೆ ಬೆಲೆ ಕೊಟ್ಟಿದೆ, ಆ ಹೆಸರಿನ ಬೆಲೆ ಎಷ್ಟು? ಕ್ವಿಂಟಲ್‌ಗೆ 50 ರೂಪಾಯಿ.

ಪಿಷ್ಟದ ಲೆಕ್ಕದಲ್ಲಿ ಕಾಳು ಮಾರಿದ್ರೆ ಏನಾಗುತ್ತೆ ಅನ್ನೋದನ್ನು ನಮ್ಮದೇ ಜಿಲ್ಲೆ ಮೊನ್ನೆ ಮೊನ್ನೆ ನೋಡಿದೆ. ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಬೆರೆಸೋ ಯೋಜನೆ ಬಂದ ಮೇಲೆ ಮೆಕ್ಕೆಜೋಳಕ್ಕೆ ದೊಡ್ಡ ಗಿರಾಕಿ ಸಿಕ್ಕಂತಾಯ್ತು. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್ ಅನ್ನೋದು ಲೆಕ್ಕ. ರೈತರು ಹೆಚ್ಚು ಹೆಚ್ಚು ಬಿತ್ತಿದರು. 2025ರ ನವೆಂಬರ್ ಹೊತ್ತಿಗೆ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿತ್ತು. ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರ ತೆರೆಯಿರಿ ಅಂತ ರೈತರು ದಿನಗಟ್ಟಲೆ ಧರಣಿ ಕೂತರು. ರಾಜ್ಯ ಸರ್ಕಾರ ಡಿಸ್ಟಿಲರಿಗಳಿಗೆ ಮೆಕ್ಕೆಜೋಳ ಕೊಳ್ಳಿ ಅಂತ ಹೇಳಬೇಕಾಯ್ತು. ಹೆಸರಿಲ್ಲದ ಕಾಳಿಗೆ ಗಿರಾಕಿ ಎಷ್ಟು ದೊಡ್ಡವನಾದ್ರೂ, ನಾಳೆ ಅಕ್ಕಿ ನುಚ್ಚು ಅಗ್ಗ ಸಿಕ್ರೆ ಅವನು ಆ ಕಡೆ ಹೋಗ್ತಾನೆ.

ಇಷ್ಟು ಕೇಳಿದ ಮೇಲೆ 'ಹಂಗಾದ್ರ ನಾವ ಒಂದು ಸಣ್ಣ ಭಟ್ಟಿ ಇಟ್ರ?' ಅಂತ ಯಾರಾದ್ರೂ ಕೇಳೇ ಕೇಳ್ತೀರಿ. ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಕಾನೂನಿಗಿಂತ ದೊಡ್ಡ ಭಯ ಪ್ರಾಣದ್ದು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮುಂದಿನ ವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಮೆಥನಾಲ್ ಬೆರೆತ ಕಳ್ಳ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಬಣ್ಣದಲ್ಲಿ, ವಾಸನೆಯಲ್ಲಿ ಮಾಮೂಲಿ ಆಲ್ಕೋಹಾಲ್ ಥರಾನೇ ಇರುತ್ತೆ. ಮೊದಲು ಕಣ್ಣು ತೆಗೆಯುತ್ತೆ. ಜೋಳದ್ದು ಇನ್ನೊಂದು ತೊಂದರೆ: ಎಳೆ ಚಿಗುರಿನಲ್ಲಿ ಸೈನೈಡ್ ಹುಟ್ಟಿಸೋ ಅಂಶ ಇರುತ್ತೆ. ಕೊಯ್ದ ಮೇಲೆ ಮತ್ತೆ ಒಡೆದ ಎಳೆ ಜೋಳ ಮೇಯ್ದು ದನ ಸಾಯೋದು ನಮ್ಮ ಹಳ್ಳಿಯವರಿಗೆ ಹೊಸ ಸುದ್ದಿ ಅಲ್ಲ. ಜೋಳದ ಮಾಲ್ಟ್ ಮಾಡೋರು ಮೊಳಕೆ, ಬೇರು ಉದುರಿಸಿ ತೆಗೆಯೋದು ಅದಕ್ಕೇ.

ಕೊನೆಗೆ, ಲೇಬಲ್ ಓದೋದು ಹೇಗೆ ಅಂತ ಕೇಳಿದ್ದೀರಿ. 'ಸಿಂಗಲ್ ಮಾಲ್ಟ್' ಅಂದ್ರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಆದದ್ದು. ಒಂದೇ ಹೊಲದ ಬಾರ್ಲಿ ಅಂತ ಅಲ್ಲ. 'ಗ್ರೇನ್ ನ್ಯೂಟ್ರಲ್ ಸ್ಪಿರಿಟ್' ಅಂತಿದ್ರೆ ಕಾಳಿನದ್ದೇ, ಆದರೆ ಕಂಬ ದಾಟಿ ಬಂದದ್ದು. 'ಕ್ರಾಫ್ಟ್', 'ಹೆರಿಟೇಜ್' ಅನ್ನೋ ಪದಗಳನ್ನು ನೋಡಿ ಮುಂದೆ ಹೋಗಿ. ಕಾಳಿನ ಜಾತಿ, ಬೆಳೆದ ಜಾಗ, ಕೊಯ್ದ ವರ್ಷ, ಯಾವ ಥರದ ಭಟ್ಟಿ ಅಂತ ಬರೆದಿದ್ರೆ ಆ ಬಾಟಲಿಯವರು ಮುಚ್ಚಿಡೋದೇನೂ ಇಲ್ಲ ಅಂತ ತಿಳೀಬಹುದು. ಮಾಲದಂಡಿ ಅಂತ ಬರೆದ ಬಾಟಲಿ ಯಾರ ಕಣ್ಣಿಗಾದ್ರೂ ಬಿದ್ದರೆ ಲೇಬಲ್‌ನ ಫೋಟೊ ಕಳಿಸಿ, ಮುಂದಿನ ವಾರ ಓದ್ತೀನಿ.