ಮೇಷ್ಟರ ಗಣಕಯಂತ್ರ

ಓಲೆಗರಿಯ ಹಳೆಯ ಕಟ್ಟೊಂದು ಕೈಗೆ ಬಂದಾಗ ಬಲ್ಲವರು ಒಡನೆಯೇ ಅದನ್ನು ಬಿಚ್ಚಿ ಓದತೊಡಗುವುದಿಲ್ಲ. ಧೂಳನ್ನು ಮೃದುವಾಗಿ ಒರಸಿ, ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ, ಗರಿಗಳು ಬಿರುಸನ್ನು ಬಿಟ್ಟು ಬಾಗುವಂತಾದ ಮೇಲೆಯೇ ಒಂದೊಂದಾಗಿ ಎತ್ತುತ್ತಾರೆ. ಗ್ರಂಥಸಂಪಾದನೆಯ ಪಾಠ ಹೇಳುವಾಗ ಈ ಮಾತನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಆಡಿದ್ದೇನೆ. ಅದೇ ಎಚ್ಚರವನ್ನು ಒಂದು ಗಣಕಯಂತ್ರದ ಮುಂದೆಯೂ ತಾಳಬೇಕಾದೀತೆಂದು ಎಣಿಸಿರಲಿಲ್ಲ.

ನನಗೆ ಹಳಗನ್ನಡವನ್ನು ಕಲಿಸಿದ ಮೇಷ್ಟರು ಕಳೆದ ವರ್ಷ ತೀರಿಕೊಂಡರು. ನಿವೃತ್ತರಾದ ಮೇಲೆ ಅವರು ತಿಪಟೂರಿನ ಸುತ್ತಣ ಹಳ್ಳಿಗಳನ್ನು ತಿರುಗಿ ಬೇಸಾಯದ, ತೆಂಗಿನ ತೋಟದ, ಮನೆವಾರ್ತೆಯ ಮಾತುಗಳನ್ನು ಕಲೆಹಾಕುತ್ತಿದ್ದರು. ಕಪಿಲೆ ಹೋಗಿ ಪಂಪು ಬಂದ ಮೇಲೆ ಮಿಣಿ, ಬಾನಿ ಎಂಬ ಮಾತುಗಳಿಗೆ ಜನರ ಬಾಯಲ್ಲಿ ಕೆಲಸವೇ ಇಲ್ಲದಂತಾಯಿತು. ಆಡಿದವರ ಊರು, ವಯಸ್ಸು ಸಹಿತವಾಗಿ ಅವನ್ನು ಬರೆದಿಡಬೇಕೆಂಬುದು ಅವರ ಹಟ. ೨೦೦೪ರಲ್ಲಿ ಮಗ ತಂದುಕೊಟ್ಟ ಗಣಕದಲ್ಲಿ, ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆಯ ಮೇಲೆ, ನುಡಿ ತಂತ್ರಾಂಶವನ್ನು ಹಚ್ಚಿಕೊಂಡು ಎರಡೇ ಬೆರಳುಗಳಲ್ಲಿ ಅದೆಲ್ಲವನ್ನೂ ಟೈಪು ಮಾಡಿದ್ದರು. ಯಂತ್ರಕ್ಕೆ ಏರಿದ ಮೇಲೆ ಕಾಗದದ ಚೀಟಿಗಳೇಕೆಂದು ಅವನ್ನು ಬಚ್ಚಲೊಲೆಗೆ ಹಾಕಿದರಂತೆ. ಈ ಒಂದು ವಿಷಯದಲ್ಲಿ ಮೇಷ್ಟರನ್ನು ನಾನಿನ್ನೂ ಕ್ಷಮಿಸಿಲ್ಲ.

ಒಂದು ದಿನ ಅಮ್ಮನವರು ದೂರವಾಣಿಯಲ್ಲಿ ಕರೆದರು. “ನಿಮ್ಮ ಮೇಷ್ಟ್ರ ಕಂಪ್ಯೂಟರು ಹತ್ತುತ್ತಿಲ್ಲ ಕಣಪ್ಪ. ಅಂಗಡಿ ಹುಡುಗ ಬಂದು ನೋಡಿದ. ಒಳಗೆಲ್ಲ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿಬಿಟ್ಟರೆ ಹೊಸದರ ಹಾಗಾಗುತ್ತೆ ಅಂತಾನೆ. ಇಲ್ಲದಿದ್ದರೆ ಗುಜರಿಗೆ ಹಾಕಿ ಅಂದ. ಏನು ಮಾಡಿಸಲಿ?”

“ಏನನ್ನೂ ಮಾಡಿಸಬೇಡಿ ಅಮ್ಮ, ಭಾನುವಾರ ನಾನೇ ಬರುತ್ತೇನೆ” ಎಂದೆ. ಫಾರ್ಮ್ಯಾಟ್ ಎಂದರೆ ಸ್ಲೇಟನ್ನು ಒರಸಿ ಕೊಡುವುದು. ಸ್ಲೇಟೇನೋ ಹೊಸದಾಗುತ್ತದೆ.

ಯಂತ್ರಶಾಸ್ತ್ರದಲ್ಲಿ ನಾನು ಪಂಡಿತನಲ್ಲ. ಆದರೆ ವಿದ್ಯಾರ್ಥಿದೆಸೆಯಿಂದ ಇದೇ ಎಕ್ಸ್‌ಪಿಯೊಡನೆ ಗುದ್ದಾಡಿದವನು. ಅದು ೨೦೦೧ರ ಅಕ್ಟೋಬರ್ ೨೫ರಂದು ಬಿಡುಗಡೆಯಾದ ವ್ಯವಸ್ಥೆ, ಅದರ ಮುನಿಸುಗಳು ನನಗೆ ಅಷ್ಟಿಷ್ಟು ಪರಿಚಿತ. ಗುಂಡಿಯೊತ್ತಿದಾಗ ಕಪ್ಪು ತೆರೆಯ ಮೇಲೆ ಮೊದಲು ಕಂಡದ್ದು ‘ಸಿಮಾಸ್ ಚೆಕ್‌ಸಮ್’ ತಪ್ಪಾಗಿದೆ, ಮುಂದುವರಿಯಲು ‘ಎಫ್ ೧’ ಒತ್ತಿ ಎಂಬ ಸಾಲು. ಒತ್ತಿದೆ. ಆಮೇಲೆ ಬಂದದ್ದು ಅಂಗಡಿಯ ಹುಡುಗನನ್ನು ಹೆದರಿಸಿದ ಸಾಲು: ‘ಎನ್‌ಟಿಎಲ್‌ಡಿಆರ್’ ಕಾಣೆಯಾಗಿದೆ. ಇದು ನಾಟಕದ ಸೂತ್ರಧಾರನಿದ್ದಂತೆ. ತೆರೆಯೇಳುವ ಮುನ್ನ ಬಂದು ಎಕ್ಸ್‌ಪಿಯನ್ನು ರಂಗಕ್ಕೆ ಕರೆಯುವ ಕಡತ. ಸೂತ್ರಧಾರನಿಲ್ಲವೆಂದರೆ ನಾಟಕವೇ ಇಲ್ಲವೆಂದು ಹುಡುಗ ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಯಂತ್ರವು ಅವನನ್ನು ಬೇರೆ ಮನೆಯಲ್ಲಿ ಹುಡುಕುತ್ತಿರಬಹುದಲ್ಲ?

ಎರಡು ಸಾಲುಗಳನ್ನೂ ಒಟ್ಟಿಗೆ ಓದಿದಾಗ ಗುಟ್ಟು ತಿಳಿಯಿತು. ಗಣಕದ ತಾಯಿಹಲಗೆಯ ಮೇಲೆ ನಾಣ್ಯದಷ್ಟಗಲದ ಒಂದು ಬಿಲ್ಲೆ ಇರುತ್ತದೆ. ಸಿಆರ್ ೨೦೩೨ ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಕೊಡುತ್ತಾರೆ. ವಿದ್ಯುತ್ತು ಇಲ್ಲದಾಗಲೂ ದಿನಾಂಕವನ್ನೂ ಯಂತ್ರದ ಮೂಲ ಕಟ್ಟುಪಾಡುಗಳನ್ನೂ ನೆನಪಿಡಲು ನೆರವಾಗುವುದು ಅದೇ. ಅದು ಸತ್ತರೆ ಯಂತ್ರವು ತಾನು ಹುಟ್ಟಿದಂದಿನ ನಿಯಮಗಳಿಗೆ ಮರಳುತ್ತದೆ. ಆ ಕಾಲದ ಎಷ್ಟೋ ಯಂತ್ರಗಳ ಹುಟ್ಟುನಿಯಮದಲ್ಲಿ, ಏಳುವಾಗ ಮೊದಲು ಫ್ಲಾಪಿಯನ್ನು ನೋಡು, ಆಮೇಲೆ ಒಳಗಣ ತಟ್ಟೆಯನ್ನು ನೋಡು ಎಂದಿರುತ್ತಿತ್ತು. ಬಗ್ಗಿ ಫ್ಲಾಪಿಯ ಕಂಡಿಯನ್ನು ಒತ್ತಿದೆ. ಒಳಗಿನಿಂದ ನೀಲಿಯ ಫ್ಲಾಪಿಯೊಂದು ಹೊರಕ್ಕೆ ಬಂತು! ಫ್ಲಾಪಿಯನ್ನೇ ಕಾಣದ ತಲೆಮಾರಿನ ಹುಡುಗ ಅಲ್ಲಿ ನೋಡದೆ ಹೋದುದು ಅವನ ತಪ್ಪಲ್ಲ. ಅದರಲ್ಲಿ ನಿಘಂಟು ಇರಬಹುದೇನೋ ಎಂದು ಆಸೆಪಟ್ಟೆ. ಆಮೇಲೆ ನೋಡಿದರೆ ವಿಮೆಯ ಕಂತಿನ ಬಗ್ಗೆ ಬರೆದ ಒಂದು ಕಾಗದ.

ಯಂತ್ರವನ್ನು ಮತ್ತೆ ಎಬ್ಬಿಸಿದಾಗ ಕ್ಯಾಲಿಫೋರ್ನಿಯದ ಆ ಹಸುರು ದಿಣ್ಣೆ, ಅದರ ಮೇಲಣ ನೀಲಿ ಬಾನು ತೆರೆಯ ತುಂಬ ಮೂಡಿತು. ಅಮ್ಮನವರು ಸೆರಗಿನಿಂದ ಕಣ್ಣೊರಸಿಕೊಂಡು ಕಾಫಿ ತರಲು ಒಳಗೆ ಹೋದರು.

ಅಂತರಜಾಲದ ತಂತಿಯನ್ನು ನಾನು ಸಿಕ್ಕಿಸಲಿಲ್ಲ. ಎಕ್ಸ್‌ಪಿಗೆ ತಯಾರಕರ ಆರೈಕೆ ೨೦೧೪ರ ಏಪ್ರಿಲ್ ೮ಕ್ಕೆ ಮುಗಿದುಹೋಯಿತು. ಅದನ್ನು ಇಂದು ಹೊರಗಿನ ಬಯಲಿಗೆ ಬಿಡುವುದು ವಿವೇಕವಲ್ಲ. ಕಡತಗಳನ್ನು ಪೆನ್‌ಡ್ರೈವಿನಲ್ಲಿ ತರೋಣವೆಂದರೆ ಇನ್ನೊಂದು ಹೊಂಚು. ನನ್ನ ಅರುವತ್ತನಾಲ್ಕು ಜಿಬಿಯ ಹೊಸ ಡ್ರೈವನ್ನು ಚುಚ್ಚಿದೊಡನೆ, ‘ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?’ ಎಂದು ಯಂತ್ರ ವಿನಯದಿಂದ ಕೇಳಿತು. ಅದರಲ್ಲಿ ನನ್ನ ಒಂದು ವರ್ಷದ ಪಾಠದ ಟಿಪ್ಪಣಿಗಳಿದ್ದುವು! ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮದಲ್ಲಿ ಸಜ್ಜುಗೊಳಿಸಿದ ಡ್ರೈವನ್ನು, ತಕ್ಕ ಪರಿಷ್ಕರಣವನ್ನು ಹಾಕದ ಎಕ್ಸ್‌ಪಿ ಅರಿಯದು. ಅರಿಯದುದನ್ನು ಬರಿದೆಂದು ಭಾವಿಸುತ್ತದೆ. ನಮ್ಮಲ್ಲಿಯೂ ಅಂತಹ ವಿಮರ್ಶಕರಿದ್ದಾರೆ. ‘ಬೇಡ’ ಎಂದು ಒತ್ತಿ, ಫ್ಯಾಟ್ ೩೨ ಕ್ರಮದ ಹಳೆಯ ನಾಲ್ಕು ಜಿಬಿಯ ಡ್ರೈವನ್ನು ಹಾಕಿದೆ.

ನಿಘಂಟಿನ ಕಡತಗಳು ಎರಡಿದ್ದುವು, ಎರಡು ಬೇರೆ ಬೇರೆ ಕೋಶಗಳಲ್ಲಿ. ಹೆಸರು ಮಾತ್ರ ಒಂದೇ, ‘ಪದ’. ಮೊದಲನೆಯದನ್ನು ನಕಲು ಮಾಡಿ ಎರಡನೆಯದನ್ನೂ ಅಲ್ಲಿಗೇ ಎಳೆದಾಗ ಎಕ್ಸ್‌ಪಿ ತಡೆದು ಕೇಳಿತು: ೨೦೦೨ರ ಜನವರಿಯ ಕಡತವಿದೆ, ಅದರ ಸ್ಥಳದಲ್ಲಿ ೨೦೦೯ರ ಈ ಕಡತವನ್ನು ಇಡಲೇ? ಹೊಸದೇ ಇರಲಿ ಎಂದು ಬೆರಳು ‘ಹೌದು’ ಎಂಬಲ್ಲಿಗೆ ಹೋಗಿತ್ತು. ಆದರೆ ಅದೇ ಚೌಕದಲ್ಲಿ ಎರಡರ ಗಾತ್ರವನ್ನೂ ಕೊಟ್ಟಿತ್ತು, ೨೦೦೨ರದೇ ದೊಡ್ಡದು. ಬೆರಳನ್ನು ಹಿಂದೆಗೆದೆ. ಗಣಕವನ್ನು ಕೊಂಡದ್ದೇ ೨೦೦೪ರಲ್ಲಿ. ಹುಟ್ಟುವ ಮೊದಲೇ ಅದು ಬರೆದುದು ಹೇಗೆ? ಬಿಲ್ಲೆ ಸತ್ತ ಮೇಲೆ ಯಂತ್ರದ ಪಂಚಾಂಗವೂ ಹಿಂದಕ್ಕೆ ಸರಿದಿತ್ತು. ಆ ಬಳಿಕ ಮೇಷ್ಟರು ಬರೆದುದೆಲ್ಲಕ್ಕೂ ಅದು ತನ್ನ ಸುಳ್ಳು ತೇದಿಯನ್ನೇ ಒತ್ತುತ್ತ ಬಂದಿತ್ತು.

ಕಾಲವನ್ನು ಹೇಳದ ಕೃತಿಯ ಕಾಲವನ್ನು ನಾವು ಅದರ ಒಳಗಿನಿಂದಲೇ ತೆಗೆಯುತ್ತೇವೆ. ದೊಡ್ಡ ಕಡತವನ್ನು ತೆರೆದು ‘ಪುರುಡು’ ಎಂಬ ಪದಕ್ಕೆ ಬಂದೆ. ಅರ್ಥದ ಕೆಳಗೆ ಮೇಷ್ಟರ ಟಿಪ್ಪಣಿ: ಮೊಮ್ಮಗಳು ಹುಟ್ಟಿದಾಗ ನೆರೆಮನೆಯ ಮುದುಕಿ ಆಡಿದ ಮಾತು. ಚಿಕ್ಕ ಕಡತದಲ್ಲಿ ಆ ಟಿಪ್ಪಣಿಯಿಲ್ಲ.

“ಅಮ್ಮ, ಪುಟ್ಟಿ ಹುಟ್ಟಿದ್ದು ಯಾವಾಗ?”

“ಎರಡು ಸಾವಿರದ ಹದಿಮೂರು, ಆಷಾಢ ಮಾಸ. ಯಾಕೆ?”

ಹಾಗಾದರೆ ೨೦೦೨ರದೆಂದು ಹೇಳಿಕೊಂಡ ಕಡತ ೨೦೧೩ರ ಈಚಿನದು. ೨೦೦೯ರದು ಅದರ ಹಳೆಯ ಪಾಠ. ‘ಹೌದು’ ಎಂದಿದ್ದರೆ ಮೂಲವೇನೋ ಯಂತ್ರದಲ್ಲಿ ಉಳಿಯುತ್ತಿತ್ತು. ಆದರೆ ಕಡತಗಳು ಬಂದುವೆಂಬ ಧೈರ್ಯದಲ್ಲಿ ಆ ಯಂತ್ರವನ್ನು ಮರುವಾರವೇ ಗುಜರಿಯವನಿಗೆ ಕೊಡುವವರಿದ್ದರು. ನಾನು ಮನೆಗೆ ಒಯ್ಯುತ್ತಿದ್ದುದು ಮೇಷ್ಟರು ದಾಟಿ ಬಂದಿದ್ದ ಪಾಠವನ್ನು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ತಂದೆ.

ನನ್ನ ಗಣಕದಲ್ಲಿ ಕಡತವನ್ನು ತೆರೆದರೆ ಕನ್ನಡವೇ ಇಲ್ಲ. ಕೊಂಬು ಮೂಡಿದ ರೋಮನ್ ಅಕ್ಷರಗಳ ಸಂತೆ. ‘ನ’ಕಾರ ಇರಬೇಕಾದೆಡೆಯಲ್ಲೆಲ್ಲ ಇಂಗ್ಲೆಂಡಿನ ಪೌಂಡಿನ ಚಿಹ್ನೆ. ಇದು ಕೆಟ್ಟದ್ದಲ್ಲವೆಂದು ಗಾಬರಿಯಾದವರಿಗೆ ಹೇಳಬೇಕು. ಯೂನಿಕೋಡ್ ಸಂಕೇತದಲ್ಲಿ ೧೯೯೧ರಿಂದಲೂ ಕನ್ನಡಕ್ಕೆ ಸ್ಥಾನವಿತ್ತು; ಎಕ್ಸ್‌ಪಿಯೂ ತುಂಗಾ ಎಂಬ ಕನ್ನಡ ಅಕ್ಷರಗಳನ್ನು ಹೊತ್ತೇ ಬಂದಿತ್ತು. ಆದರೆ ಅದನ್ನು ಎಬ್ಬಿಸಲು ನಿಯಂತ್ರಣ ಫಲಕದ ಭಾಷಾಪುಟದಲ್ಲಿ ಒಂದು ಗುರುತು ಹಾಕಬೇಕು, ಮೂಲ ಸಿಡಿಯನ್ನು ಕೇಳಿದರೆ ಹುಡುಕಬೇಕು. ಅಂದಿನ ಹೆಚ್ಚಿನ ಬರಹಗಾರರಂತೆ ಮೇಷ್ಟರೂ ರೋಮನ್ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುವ ಅಕ್ಷರಮಾದರಿಯಲ್ಲಿಯೇ ಬರೆದರು. ಆ ಮಾದರಿಯನ್ನು ಹಾಕಿದರೆ ವೇಷ ಮರಳುತ್ತದೆ.

ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಪುಕ್ಕಟೆಯಾಗಿಯೇ ದೊರೆಯುತ್ತವೆ. ಆದರೂ ರೇಫದ ಕಡೆ ಕಣ್ಣಿಡಬೇಕು: ‘ಕರ್ನಾಟಕ’ ಎಂಬಲ್ಲಿನ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ‘ನಾ’ ಆದ ಮೇಲೆ ಕೂತಿದೆ, ಹೊಸ ಕ್ರಮದಲ್ಲಿ ಅದಕ್ಕೂ ಮುಂಚೆ ಬರಬೇಕು. ಪರಿವರ್ತಕವು ಅಲ್ಲಲ್ಲಿ ಎಡವುತ್ತದೆ, ಲಿಪಿಕಾರನ ಕೈತಪ್ಪಿನಂತೆ. ಅದಕ್ಕಾಗಿ ಸಂಜೆಗಳಲ್ಲಿ ಎರಡು ಪ್ರತಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದುತ್ತಿದ್ದೇನೆ, ‘ತ’ಕಾರದವರೆಗೆ ಬಂದಿದ್ದೇನೆ. ಮೇಷ್ಟರ ಯಂತ್ರಕ್ಕೆ ಹೊಸ ಬಿಲ್ಲೆ ಹಾಕಿ, ಇಂದಿನ ತೇದಿಯನ್ನು ತಿದ್ದಿ, ಏಳುವಾಗ ಮೊದಲು ಒಳಗಣ ತಟ್ಟೆಯನ್ನೇ ನೋಡುವಂತೆ ಮಾಡಿ ಬಂದಿದ್ದೇನೆ. ಗುಜರಿಯವನಿಗೆ ಅಮ್ಮನವರು ಇನ್ನೊಂದು ವಾರ ಬಿಟ್ಟು ಬಾ ಎಂದಿದ್ದಾರೆ.