ಕೋಟೆಯೊಳಗೂ ಒಲೆ ಉರಿಯುತ್ತದೆ

ಸೋದರಿಯರೇ, ಕೋಟೆ ನೋಡಬೇಕೆಂದರೆ ಚಿತ್ರದುರ್ಗಕ್ಕೋ ಬೀದರಿಗೋ ಹೋಗಬೇಕು ಅನ್ನುತ್ತೇವೆ. ನಮ್ಮ ಬಳಗಾನೂರಿನಿಂದ ಹೊರಟು ಮಸ್ಕಿ, ಲಿಂಗಸುಗೂರು ದಾಟಿದರೆ ಮುದಗಲ್ಲ ಸಿಗುತ್ತದೆ. ಅದನ್ನೊಮ್ಮೆ ಕಣ್ತುಂಬ ನೋಡಿದ್ದೀರಾ?

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಬಹಮನಿಗಳ ನಂತರ ಬಿಜಾಪುರದ ಆದಿಲ್‌ಶಾಹಿಗಳು ಬಂದರು. ಕೋಟೆ ಕೈ ಬದಲಾಯಿಸುತ್ತಲೇ ಇತ್ತು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳೇ ಕಾರಣವೆಂದು ಇತಿಹಾಸಕಾರ ಫೆರಿಷ್ಟಾ ಬರೆದಿದ್ದಾನೆ. ಒಂದನೆಯ ದೇವರಾಯ ಅವಳನ್ನು ಬಯಸಿದ, ಅವಳು ಒಪ್ಪಲಿಲ್ಲ ಎಂಬುದು ಆ ಕಥೆ. ಗಡಿಗಾಗಿ ರಾಜರು ಕಾದಾಡಿ ಹೆಣ್ಣಿನ ಮೇಲೆ ಹೊರಿಸಿದರೇನೋ ಅಂತ ನನಗೆ ಅನ್ನಿಸುತ್ತದೆ, ನಿಮಗೆ?

ಕೋಟೆ ಕಟ್ಟಿದವರ ಜಾಣತನ ನೋಡ್ರಿ. ಹೊರಗೆ ಅಗಲವಾದ ಕಂದಕ, ಅದರಲ್ಲಿ ನೀರು. ಆಮೇಲೆ ದೊಡ್ಡ ದೊಡ್ಡ ಕಲ್ಲಿನ ಗೋಡೆ, ನಡುನಡುವೆ ದುಂಡನೆಯ ಬುರುಜು. ಫತೇ ದರ್ವಾಜೆಯಲ್ಲಿ ನೇರವಾಗಿ ಒಳಗೆ ನುಗ್ಗುವಂತಿಲ್ಲ. ದಾರಿ ಇಕ್ಕಟ್ಟು, ಸುತ್ತಿ ತಿರುಗುತ್ತದೆ. ಓಡಿಬಂದ ಆನೆ ಕುದುರೆಗಳ ವೇಗ ಅಲ್ಲೇ ಮುರಿಯಬೇಕು. ಸಿಕ್ಕಿಬಿದ್ದ ವೈರಿಗೆ ಗೋಡೆಯ ಮೇಲಿನಿಂದ ಏಟು.

ಮುದಗಲ್ಲಿನ ಹೆಚ್ಚುಗಾರಿಕೆ ಇನ್ನೊಂದಿದೆ. ಇದು ಬರೀ ಹಾಳು ಕೋಟೆಯಲ್ಲ. ಗೋಡೆಯೊಳಗೆ ಇಂದಿಗೂ ಜನ ಬಾಳುತ್ತಾರೆ, ಒಲೆ ಉರಿಯುತ್ತದೆ. ಮೊಹರಂ ಬಂತೆಂದರೆ ಹಿಂದೂ ಮುಸಲ್ಮಾನರೆನ್ನದೆ ದೂರದೂರದಿಂದ ಜನ ಅಲಾಯಿ ದೇವರಿಗೆ ಹರಕೆ ತೀರಿಸಲು ಸೇರುತ್ತಾರೆ.

ಕೋಟೆಗೆ ಅಪಾಯವಿರುವುದು ಈಗ ದಂಡಿನಿಂದಲ್ಲ, ಮನೆಬಳಕೆಯಿಂದ. ಯಾವುದೇ ಹಳೆಯ ಕೋಟೆಯ ಊರಲ್ಲಿ ನೋಡಿ: ಹಿತ್ತಲ ಗೋಡೆಗೆಂದು ಕಿತ್ತ ನಾಲ್ಕು ಕಲ್ಲು, ಕಂದಕಕ್ಕೆ ಸುರಿದ ಒಂದು ಪುಟ್ಟಿ ಕಸ. ಒಬ್ಬರು ಮಾಡಿದರೆ ಕಾಣದು, ಓಣಿಯೆಲ್ಲ ಮಾಡಿದರೆ ಕೋಟೆಯೇ ಉಳಿಯದು. ಸಂದಿಯಲ್ಲಿ ಬೇರು ಬಿಟ್ಟ ಅರಳಿ ಸಸಿಯೂ ಅಷ್ಟೇ, ನಿಧಾನಕ್ಕೆ ಕಲ್ಲು ಸಡಿಲಿಸುತ್ತದೆ. ಹಾಗಂತ ಅಲ್ಲಿ ಬಾಳುವವರನ್ನು ದೂರಿ ಫಲವಿಲ್ಲ. ಕಸ ಒಯ್ಯುವ ಗಾಡಿ, ನೀರು, ಚರಂಡಿ ಅವರಿಗೂ ಬೇಕಲ್ಲ? ಅದನ್ನು ಕೊಟ್ಟು ಆಮೇಲೆ ಕಲ್ಲು ಮುಟ್ಟಬೇಡಿ ಅನ್ನುವುದು ನ್ಯಾಯ.

ಬಿಸಿಲು ಏರುವ ಮುಂಚೆ ಹೋಗಿ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ನೀರು ಕಟ್ಟಿಕೊಳ್ಳಿ. ಮಕ್ಕಳನ್ನು ಬುರುಜಿನ ಅಂಚಿಗೆ ಬಿಡಬೇಡಿ. ತಿಂದ ಕಾಗದ, ಚೀಲ ಮಾತ್ರ ಮರೆಯದೆ ಮನೆಗೇ ತನ್ನಿ.