ಸರಕಾರದ ಸಾಲ ತೀರಿಸುವವರು ಯಾರು?



ಫೆಬ್ರವರಿಯಲ್ಲಿ ಕೇಂದ್ರದ ಮುಂಗಡಪತ್ರ ಮಂಡನೆಯಾಗುವಾಗ ಟಿ.ವಿ.ಯಲ್ಲಿ ಬರೀ ಲಕ್ಷ ಕೋಟಿಗಳ ಮಾತು. 'ಇದು ನಮಗೆ ಅರ್ಥವಾಗುವಂಥದ್ದಲ್ಲ' ಎಂದು ಕಾಸರಗೋಡಿನ ನಮ್ಮ ಮನೆಗಳಲ್ಲಿ ಹೆಚ್ಚಿನವರು ಚಾನೆಲ್ ಬದಲಾಯಿಸುತ್ತಾರೆ. ಆದರೆ ಅಲ್ಲಿ ಮಾತಾಡುತ್ತಿರುವುದು ನಮ್ಮದೇ ಹಣದ ಬಗ್ಗೆ.

ಸ್ನಾನದ ಸಾಬೂನನ್ನೇ ನೋಡಿ. ಅದರ ಮೇಲೆ ಶೇ. 18ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಅಂದರೆ 105 ರೂಪಾಯಿಯ ಸಾಬೂನು ಕೊಂಡರೆ 5 ರೂಪಾಯಿ ತೆರಿಗೆ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬೀಡಿ ಕಟ್ಟುವ ತಾಯಿಯೂ ದೊಡ್ಡ ಅಡಿಕೆ ತೋಟದ ಯಜಮಾನರೂ ಆ ಸಾಬೂನಿಗೆ ಅಷ್ಟೇ ತೆರಿಗೆ ಕೊಡುತ್ತಾರೆ. ಬಡವರು ತೆರಿಗೆ ಕಟ್ಟುವುದಿಲ್ಲ ಎಂಬ ಮಾತು ಸುಳ್ಳು.

2025-26ರ ಕೇಂದ್ರ ಮುಂಗಡಪತ್ರದ ಅಂದಾಜಿನಲ್ಲಿ ಒಟ್ಟು ಖರ್ಚು 50.65 ಲಕ್ಷ ಕೋಟಿ ರೂಪಾಯಿ. ಸಾಲ ಬಿಟ್ಟು ಬರುವ ಹಣ 34.96 ಲಕ್ಷ ಕೋಟಿ. ಉಳಿದ 15.69 ಲಕ್ಷ ಕೋಟಿಗೆ ಸಾಲವೇ ಗತಿ. ಇದನ್ನು ವಿತ್ತೀಯ ಕೊರತೆ ಎನ್ನುತ್ತಾರೆ.

ಹಾಗಾದರೆ ಸಾಲ ಮಾಡುವುದು ತಪ್ಪೇ? ಸೊಸೈಟಿಯಿಂದ ಸಾಲ ತೆಗೆದು ತೋಟದಲ್ಲಿ ಬಾವಿ ತೋಡಿಸಿದರೆ ಫಸಲೇ ಸಾಲ ತೀರಿಸುತ್ತದೆ. ಅದೇ ಹಣ ಮದುವೆಯ ಆಡಂಬರಕ್ಕೆ ಹೋದರೆ ಬಡ್ಡಿ ಮಾತ್ರ ಉಳಿಯುತ್ತದೆ. ಸರಕಾರಕ್ಕೂ ಇದೇ ನ್ಯಾಯ. ರಸ್ತೆ, ರೈಲು ಹಳಿ, ಆಸ್ಪತ್ರೆ ಕಟ್ಟಡಗಳಿಗೆ ಹಾಕುವುದು ಬಂಡವಾಳ ವೆಚ್ಚ. 2025-26ರಲ್ಲಿ ಅದಕ್ಕೆ ಇಟ್ಟದ್ದು 11.21 ಲಕ್ಷ ಕೋಟಿ. ಹಳೆಯ ಸಾಲದ ಬಡ್ಡಿಗೆ ಇಟ್ಟದ್ದು 12.76 ಲಕ್ಷ ಕೋಟಿ! ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ನಿತ್ಯದ ಖರ್ಚಿಗೇ ಆದಾಯ ಸಾಲದೆ ಬಂದರೆ ಅದು ರಾಜಸ್ವ ಕೊರತೆ. ಆ ವರ್ಷದ ಅಂದಾಜು 5.24 ಲಕ್ಷ ಕೋಟಿ, ಅಂದರೆ ಸಾಲದ ಮೂರರಲ್ಲೊಂದು ಪಾಲು.

ಬಡವರ ಅಕ್ಕಿಗೆ, ರೋಗಿಯ ಔಷಧಿಗೆ ಕೊಟ್ಟ ಹಣ ಪೋಲಲ್ಲ. ಆದರೆ ಇಂದು ಮಾಡುವ ಪೋಲಿನ ಬಿಲ್ಲು, ಈಗ ಧರ್ಮೋಪದೇಶ ತರಗತಿಯಲ್ಲಿ ಕುಳಿತಿರುವ ನಮ್ಮ ಮಕ್ಕಳ ಕೈಗೆ ಬರುತ್ತದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ತಿಳಿಸಿದ್ದಾರೆ (ಲೂಕ 14:28). ತೆರಿಗೆ ಸಲ್ಲಿಸುವುದೂ ಮತದಾನ ಮಾಡುವುದೂ ನೈತಿಕ ಕರ್ತವ್ಯಗಳೆಂದು ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥ (2240) ಕಲಿಸುತ್ತದೆ. ಹಣ ಕೊಟ್ಟವರಿಗೆ ಲೆಕ್ಕ ಕೇಳುವ ಹೊಣೆಯೂ ಇದೆ.

ದೆಹಲಿ ದೂರ, ನಿಜ. ಪಂಚಾಯತು ಹತ್ತಿರವಿದೆಯಲ್ಲ! ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಂದಿನಿಂದ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದೆ. ಯಾವ ದಾರಿಗೆ ಡಾಮರು, ಯಾರ ಮನೆಗೆ ಸಹಾಯ ಎಂಬ ಚರ್ಚೆ ವಾರ್ಡಿನ ಗ್ರಾಮಸಭೆಯಲ್ಲೇ ನಡೆಯುತ್ತದೆ. ಮಲಯಾಳ ಸರಿಯಾಗಿ ಬಾರದೆಂದು ನಾವು ಮನೆಯಲ್ಲೇ ಉಳಿದರೆ ನಮ್ಮ ಬೇಡಿಕೆಯನ್ನು ಬರೆದುಕೊಳ್ಳುವವರು ಯಾರು? ಹೋಗಿ, ಕನ್ನಡದಲ್ಲೇ ಕೇಳಿ. ಮುಂದಿನ ಗ್ರಾಮಸಭೆ ಯಾವತ್ತು ಎಂದು ವಾರ್ಡ್ ಮೆಂಬರರಲ್ಲಿ ಇವತ್ತೇ ವಿಚಾರಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.